ಪುಣ್ಯಕೋಟಿಯ ಮಾತು, ಕಾವಲಿನ ಹುಲ್ಲು: ‘ಗೋವಿನ ಹಾಡು’ ನಮ್ಮ ಕಾಲದ ಪುರಾಣವಾದ ಬಗೆ

ಕನ್ನಡ ಶಾಲೆಯಲ್ಲಿ ಓದಿದವರಿಗೆ ‘ಗೋವಿನ ಹಾಡ’ನ್ನು ಪರಿಚಯಿಸಬೇಕಾಗಿಲ್ಲ. ಕರ್ತೃವಿನ ಹೆಸರಿಲ್ಲದ ಈ ಕಥನಗೀತೆ ತಲೆಮಾರುಗಳಿಂದ ಪಠ್ಯಪುಸ್ತಕಗಳಲ್ಲಿಯೂ ತಾಯಂದಿರ ಬಾಯಲ್ಲಿಯೂ ಉಳಿದು ಬಂದಿದೆ. ಕ್ರೈಸ್ತ ಕುಟುಂಬಗಳ ಮಕ್ಕಳೂ ಇದನ್ನು ಬಾಯಿಪಾಠ ಮಾಡಿದ್ದಾರೆ. ಕರುವಿನ ಅಳಲು ಬರುವ ಕಡೆ ಎಲ್ಲ ಮಕ್ಕಳಂತೆ ಕಣ್ಣು ಒದ್ದೆ ಮಾಡಿಕೊಂಡಿದ್ದಾರೆ. ನಮ್ಮ ಪ್ರಸಂಗಪೀಠಗಳಲ್ಲಿಯೂ ಪುಣ್ಯಕೋಟಿ ಆಗಾಗ ಕಾಣಿಸಿಕೊಳ್ಳುತ್ತಾಳೆ. ಕೊಟ್ಟ ಮಾತಿಗೆ ತಪ್ಪದವಳೆಂಬ ದೃಷ್ಟಾಂತವಾಗಿ ಬರುತ್ತಾಳೆ. ಕೆಲವೊಮ್ಮೆ ಪರರಿಗಾಗಿ ಪ್ರಾಣವನ್ನು ಒಪ್ಪಿಸಿದ ಕರ್ತನ ಛಾಯೆಯಾಗಿಯೂ ಬರುತ್ತಾಳೆ. ಹೀಗೆ ಆಕೆಯನ್ನು ಕರೆತರುವಾಗ ನಾವು ಮಾಡುತ್ತಿರುವುದೇನು ಎಂಬುದನ್ನು ಮಾತ್ರ ನಾವು ಹೆಚ್ಚಾಗಿ ವಿಚಾರಿಸಿಲ್ಲ.

ಈ ಹಾಡು ಇಂದು ಒಂದು ಹಳೆಯ ಸಾಹಿತ್ಯಕೃತಿಯಷ್ಟೇ ಆಗಿ ಉಳಿದಿಲ್ಲ, ಕನ್ನಡ ಸಮಾಜದ ಆಧುನಿಕ ಪುರಾಣವಾಗಿದೆ ಎಂಬುದು ಈ ಲೇಖನದ ಮೊದಲ ವಾದ. ಪುರಾಣವಾದ ಕೃತಿಯನ್ನು ದೃಷ್ಟಾಂತವೆಂದು ಹಗುರವಾಗಿ ಬಳಸುವುದೂ ಅನ್ಯರದೆಂದು ದೂರವಿಡುವುದೂ ಸಮಾನವಾಗಿ ತಪ್ಪೆಂಬುದು ಎರಡನೆಯದು. ಇವೆರಡನ್ನೂ ಪರೀಕ್ಷಿಸಲು ಚಳ್ಳಕೆರೆ ಸೀಮೆಯ ಉಳ್ಳಾರ್ತಿ ಕಾವಲ್‌ಗಿಂತ ತಕ್ಕ ಸ್ಥಳ ಸಿಕ್ಕುವುದು ಕಷ್ಟ. ಹಾಡಿನ ಹಸುವಿಗೆ ಬೇಕಾದ ಹುಲ್ಲು ಬೆಳೆಯುತ್ತಿದ್ದ ನೆಲ ಅದು.

ಪುರಾಣವೆಂದರೇನು?

ಪುರಾಣವೆಂಬ ಪದ ಕ್ರೈಸ್ತ ಕಿವಿಗೆ ಅಷ್ಟು ಹಿತವಾದುದಲ್ಲ. ತಿಮೊಥೆಯನಿಗೆ ಬರೆದ ಪತ್ರಿಕೆಗಳಲ್ಲಿಯೂ ಪೇತ್ರನ ಎರಡನೆಯ ಪತ್ರಿಕೆಯಲ್ಲಿಯೂ ಬರುವ ‘ಮ್ಯೂಥೊಸ್’ ಎಂಬ ಗ್ರೀಕ್ ಪದವನ್ನು ನಮ್ಮ ಭಾಷಾಂತರಕಾರರು ಕಟ್ಟುಕಥೆಯೆಂಬ ಅರ್ಥದಲ್ಲಿಯೇ ತಂದಿದ್ದಾರೆ. ಅಪೊಸ್ತಲರು ಅದನ್ನು ಎಚ್ಚರಿಕೆಯ ಮಾತಾಗಿಯೇ ಆಡಿದ್ದಾರೆ. 1941ರಲ್ಲಿ ರುಡಾಲ್ಫ್ ಬುಲ್ಟ್‌ಮನ್ ಹೊಸ ಒಡಂಬಡಿಕೆಯ ಸಂದೇಶವನ್ನು ಅದರ ಪೌರಾಣಿಕ ಚೌಕಟ್ಟಿನಿಂದ ಬಿಡಿಸಿ ಅರ್ಥೈಸಬೇಕೆಂದು ವಾದಿಸಿದಾಗಲೂ, ಪುರಾಣವು ಕಳಚಿ ಹಾಕಬೇಕಾದ ಹೊದಿಕೆಯೆಂಬ ಭಾವನೆಯೇ ಬಲವಾಯಿತು. ಮೂರು ವರ್ಷಗಳ ಬಳಿಕ ಸಿ. ಎಸ್. ಲೂಯಿಸ್ ಬೇರೊಂದು ದಾರಿ ಹಿಡಿದರು. ಕ್ರಿಸ್ತನಲ್ಲಿ ಪುರಾಣವು ಇತಿಹಾಸದ ವಾಸ್ತವವಾಯಿತು, ಆದರೆ ವಾಸ್ತವವಾದ ಮಾತ್ರಕ್ಕೆ ಅದು ಪುರಾಣವಾಗಿ ಮನಸ್ಸನ್ನು ಸೆಳೆಯುವ ಶಕ್ತಿಯನ್ನು ಕಳೆದುಕೊಳ್ಳಲಿಲ್ಲ ಎಂದು ಅವರು ಹೇಳಿದರು.

ಸಾಹಿತ್ಯ ವಿಮರ್ಶೆಯಲ್ಲಿ ಇದಕ್ಕೆ ಹತ್ತಿರವಾದ ಎರಡು ನಿಲುವುಗಳನ್ನು ನೆನೆಯಬಹುದು. ಕೆನಡಾದ ನಾರ್ತ್‌ರಾಪ್ ಫ್ರೈ ಸಭಾಸೇವೆಗೆ ದೀಕ್ಷೆ ಪಡೆದವರು; ಸತ್ಯವೇದ ಮತ್ತು ಸಾಹಿತ್ಯದ ಸಂಬಂಧವನ್ನು ಕುರಿತ ಅವರ ಗ್ರಂಥ 1982ರಲ್ಲಿ ಹೊರಬಂತು. ಅವರ ಪ್ರಕಾರ ಪುರಾಣವೆಂದರೆ ಒಂದು ಸಮಾಜವು ತನಗೆ ಅತ್ಯಂತ ಮುಖ್ಯವೆಂದು ತಿಳಿದದ್ದನ್ನು ಹೇಳಿಕೊಳ್ಳುವ ಕಥೆ. ಸಾಹಿತ್ಯವು ಆ ಕಥೆಯ ಮುಂದುವರಿಕೆ. ಫ್ರಾನ್ಸಿನ ರೋಲಾನ್ ಬಾರ್ತ್ 1957ರಲ್ಲಿ ಪುರಾಣದ ಕರಿಮುಖವನ್ನು ತೋರಿಸಿದರು. ಆಧುನಿಕ ಸಮಾಜವು ಚರಿತ್ರೆಯಲ್ಲಿ ಮನುಷ್ಯರು ಮಾಡಿದ್ದನ್ನು ಪ್ರಕೃತಿ ಸಹಜವೆಂಬಂತೆ ಕಾಣಿಸಲು ಪುರಾಣವನ್ನು ಬಳಸುತ್ತದೆ, ಹಾಗೆ ಬಳಸಿದಾಗ ಯಾರು ಏನನ್ನು ಕಳೆದುಕೊಂಡರೆಂಬುದು ಕಥೆಯಿಂದ ಅಳಿಸಿಹೋಗುತ್ತದೆ ಎಂದು ಅವರ ವಿಶ್ಲೇಷಣೆ. ಫ್ರೈ ಹೇಳಿದ ಶಕ್ತಿ ಮತ್ತು ಬಾರ್ತ್ ಹೇಳಿದ ಅಪಾಯ ಒಂದೇ ಕೃತಿಯಲ್ಲಿ ಇರಬಲ್ಲವು. ‘ಗೋವಿನ ಹಾಡಿ’ನಲ್ಲಿ ಅವೆರಡೂ ಇವೆ.

ಹಳೆಯ ಕೃತಿಯೊಂದು ಪುರಾಣವಾಗಿದೆಯೆಂದು ಹೇಳಲು ಮೂರು ಲಕ್ಷಣಗಳು ಸಾಕು. ಒಂದು, ಅದರ ಪಾತ್ರದ ಹೆಸರು ಕೃತಿಯನ್ನು ಬಿಟ್ಟು ಹೊರಬಂದು ಗುಣವಾಚಕವಾಗುತ್ತದೆ. ಎರಡು, ಜನರು ತಮ್ಮ ನಡತೆಯನ್ನೂ ಇತರರ ನಡತೆಯನ್ನೂ ಅಳೆಯಲು ಅದನ್ನು ಬಳಸುತ್ತಾರೆ. ಮೂರು, ಹೊಸ ಕೃತಿಗಳೂ ಹೊಸ ಆಚರಣೆಗಳೂ ಅಧಿಕಾರದ ಹೊಸ ಯೋಜನೆಗಳೂ ಅದರ ಹೆಸರನ್ನು ಹೊತ್ತು ಹುಟ್ಟುತ್ತವೆ. ಪುಣ್ಯಕೋಟಿಯ ವಿಷಯದಲ್ಲಿ ಮೂರೂ ನಡೆದಿವೆ. ಸಾಧು ಸ್ವಭಾವದವರನ್ನು ಪುಣ್ಯಕೋಟಿಯೆನ್ನುವುದು ನಮ್ಮ ಮಾತಿನಲ್ಲಿ ಬೆರೆತಿದೆ. ಎಸ್. ಎಲ್. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ ಕಾದಂಬರಿ ಈ ಹಾಡಿನ ನೆರಳಿನಲ್ಲಿ ಬೆಳೆಯಿತು, 1977ರಲ್ಲಿ ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ಅದನ್ನು ಚಲನಚಿತ್ರವಾಗಿ ನಿರ್ದೇಶಿಸಿದರು. 2022ರಲ್ಲಿ ರಾಜ್ಯ ಸರ್ಕಾರವು ಗೋಶಾಲೆಗಳ ದನಗಳನ್ನು ಸಾರ್ವಜನಿಕರು ದತ್ತು ಪಡೆಯುವ ಯೋಜನೆಗೆ ಪುಣ್ಯಕೋಟಿಯ ಹೆಸರನ್ನೇ ಇಟ್ಟಿತು.

ಹಾಡು ಹೇಳುವುದು

ಪುರಾಣವಾದ ಕೃತಿಗಳಿಗೆ ಒದಗುವ ಮೊದಲ ಹಾನಿಯೆಂದರೆ ಅವನ್ನು ಯಾರೂ ಓದದೆ ಹೋಗುವುದು. ಎಲ್ಲರಿಗೂ ಗೊತ್ತಿರುವುದರಿಂದ ಪಠ್ಯದ ಬಳಿಗೆ ಹೋಗುವ ಅಗತ್ಯ ಕಾಣದು. ಆದ್ದರಿಂದ ಕಥೆಯನ್ನು ಅದರ ಕ್ರಮದಲ್ಲಿ ಮತ್ತೊಮ್ಮೆ ನೋಡೋಣ.

ಹಾಡು ಹಸುವಿನಿಂದ ಆರಂಭವಾಗುವುದಿಲ್ಲ. ನಾಡಿನಿಂದ, ಅಲ್ಲಿ ನೆಲಸಿದ ಗೊಲ್ಲನಿಂದ ಆರಂಭವಾಗುತ್ತದೆ. ಕಾಳಿಂಗನೆಂಬ ಆ ಗೊಲ್ಲ ಮಾವಿನ ಮರದ ಕೆಳಗೆ ಕುಳಿತು ಕೊಳಲೂದಿ ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾನೆ. ಕುರಿಗಳನ್ನು ಹೆಸರಿನಿಂದ ಕರೆಯುವ ಕುರುಬನ ಚಿತ್ರವನ್ನು ಯೋಹಾನನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಓದುವ ನಮಗೆ ಈ ದೃಶ್ಯ ಪರಿಚಿತವೆನಿಸುತ್ತದೆ. ಆದರೆ ವ್ಯತ್ಯಾಸವನ್ನೂ ಕಾಣಬೇಕು. ಕಾಳಿಂಗನು ಹಸುವನ್ನು ಹುಲಿಯಿಂದ ಬಿಡಿಸಲು ಬರುವುದಿಲ್ಲ. ಸಂಕಟದ ಹೊತ್ತಿನಲ್ಲಿ ಕುರುಬನು ಕಥೆಯಲ್ಲಿ ಇಲ್ಲ. ಹಸುವೇ ತನ್ನ ಮಾತಿನೊಂದಿಗೆ ಒಂಟಿಯಾಗಿ ನಿಲ್ಲುತ್ತದೆ.

ಬೆಟ್ಟದ ಅಡಿಯಲ್ಲಿರುವ ಅರ್ಭುತನೆಂಬ ಹುಲಿ ಹಸಿದಿದೆ. ಈ ಹಸಿವನ್ನು ಹಾಡು ಪಾಪವೆನ್ನುವುದಿಲ್ಲ. ಪದ್ಮಪುರಾಣದಲ್ಲಿ ಇದೇ ಕಥೆಯ ಸಂಸ್ಕೃತ ರೂಪವೊಂದಿದೆ. ಅಲ್ಲಿ ಹಸುವಿನ ಹೆಸರು ನಂದೆ. ಹುಲಿಯು ಶಾಪಗ್ರಸ್ತನಾದ ಪ್ರಭಂಜನನೆಂಬ ಅರಸ. ಮರಿಗೆ ಹಾಲೂಡುತ್ತಿದ್ದ ಜಿಂಕೆಯನ್ನು ಕೊಂದ ತಪ್ಪಿಗೆ ಅವನು ಹುಲಿಯಾಗಿರುತ್ತಾನೆ. ಹಸುವಿನ ಸತ್ಯದ ಪ್ರಭಾವದಿಂದ ಶಾಪ ಕಳೆದು ಮತ್ತೆ ಮನುಷ್ಯನಾಗುತ್ತಾನೆ. ಕನ್ನಡದ ಹಾಡುಗಾರ ಈ ಶಾಪದ ಕಥೆಯನ್ನು ತರಲಿಲ್ಲ. ಅವನ ಹುಲಿ ಬರಿಯ ಹುಲಿ. ಹಿಂದಿನ ಜನ್ಮದ ತಪ್ಪಾಗಲಿ ಮುಂದೆ ಸಿಗಬಹುದಾದ ಬಿಡುಗಡೆಯಾಗಲಿ ಅದಕ್ಕಿಲ್ಲ. ಈ ವ್ಯತ್ಯಾಸದಿಂದ ಕನ್ನಡದ ಕಥೆ ಹೆಚ್ಚು ಕಠಿಣವಾಯಿತು, ಹೆಚ್ಚು ದೊಡ್ಡದೂ ಆಯಿತು.

ಪುಣ್ಯಕೋಟಿ ಕೇಳುವುದು ಜೀವದಾನವನ್ನಲ್ಲ, ಅವಧಿಯನ್ನು. ಕರುವಿಗೆ ಮೊಲೆಯುಣಿಸಿ ಬರುವೆನೆನ್ನುತ್ತಾಳೆ. ಹುಲಿ ನಂಬಲೊಲ್ಲದು, ಕೊನೆಗೆ ಆಣೆಯಿಟ್ಟ ಮೇಲೆ ಬಿಡುತ್ತದೆ. ದೊಡ್ಡಿಗೆ ಬಂದ ಮೇಲಿನ ಭಾಗವೇ ಹಾಡಿನ ಹೃದಯ. ಹೋಗಬೇಡವೆಂದು ಕರು ಗೋಗರೆಯುತ್ತದೆ. ತಾಯಿ ಅದಕ್ಕೆ ಕೊಡುವ ಸಮಾಧಾನ ತತ್ತ್ವದ ಮಾತುಗಳಷ್ಟೇ ಅಲ್ಲ. ಅವಳು ಒಂದು ವ್ಯವಸ್ಥೆ ಮಾಡಿ ಹೋಗುತ್ತಾಳೆ. ಜೊತೆಯ ಹಸುಗಳನ್ನು ಅಕ್ಕತಂಗಿಯರೆಂದೂ ತಾಯಂದಿರೆಂದೂ ಕರೆದು, ತಬ್ಬಲಿಯಾಗುವ ಈ ಮಗು ಮುಂದೆ ಬಂದರೆ ಹಾಯದೆ, ಹಿಂದೆ ಬಂದರೆ ಒದೆಯದೆ, ತಮ್ಮದೆಂದೇ ಕಾಣಬೇಕೆಂದು ಒಪ್ಪಿಸುತ್ತಾಳೆ. ಶಿಲುಬೆಯ ಬಳಿ ಕರ್ತನು ತಾಯಿಯನ್ನು ಪ್ರಿಯ ಶಿಷ್ಯನಿಗೆ ಒಪ್ಪಿಸಿದ್ದನ್ನು ಬಲ್ಲ ಓದುಗರು ಇಲ್ಲಿ ತಡೆದು ನಿಲ್ಲುವುದು ಸಹಜ. ಸತ್ಯಕ್ಕಾಗಿ ಹೊರಟವಳು ತನ್ನ ಸತ್ಯದ ಬೆಲೆಯನ್ನು ತೆರುವ ಮಗುವನ್ನು ಮರೆತಿಲ್ಲ. ಸತ್ಯನಿಷ್ಠೆಯನ್ನು ಹೊಗಳುವ ಅನೇಕ ಕಥೆಗಳಲ್ಲಿ ಇಲ್ಲದ ಎಚ್ಚರ ಇದು.

ಅನಂತರ ಅವಳು ಗುಹೆಗೆ ಮರಳುತ್ತಾಳೆ. ತನ್ನ ಮಾಂಸವನ್ನೂ ನೆತ್ತರನ್ನೂ ಉಂಡು ತೃಪ್ತನಾಗೆಂದು ಹುಲಿಗೆ ಹೇಳುತ್ತಾಳೆ. ಹುಲಿ ಕಣ್ಣೀರಿಡುತ್ತದೆ, ಒಡಹುಟ್ಟಿದವಳಂಥವಳನ್ನು ಕೊಂದರೆ ದೇವರು ಮೆಚ್ಚನೆಂದು ಮೇಲಕ್ಕೆ ನೆಗೆದು ಪ್ರಾಣ ಬಿಡುತ್ತದೆ. ಪ್ರಸಂಗಗಳಲ್ಲಿ ನಾವು ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತೇವೆ. ಹಾಡು ನಿಲ್ಲುವುದಿಲ್ಲ. ಪುಣ್ಯಕೋಟಿ ಮರಳಿ ಬಂದು ಕರುವಿಗೆ ಹಾಲೂಡಿ ಗೊಲ್ಲನನ್ನು ಕರೆಯುತ್ತಾಳೆ. ತನ್ನ ವಂಶದ ಹಸುಗಳೂ ಅವನ ವಂಶದ ಗೊಲ್ಲರೂ ಪ್ರತಿ ಸಂಕ್ರಾಂತಿಯಂದು ಕೃಷ್ಣನನ್ನು ಸ್ಮರಿಸಬೇಕೆಂದು ವಿಧಿಸುತ್ತಾಳೆ. ಕಥೆ ಆಚರಣೆಯನ್ನು ಸ್ಥಾಪಿಸುವುದರಲ್ಲಿ ಮುಗಿಯುತ್ತದೆ. ಪಸ್ಕದ ಕಥೆಯೂ ಹಾಗೆಯೇ ಮುಗಿಯುತ್ತದೆಂದು ವಿಮೋಚನಕಾಂಡವನ್ನು ಓದಿದವರಿಗೆ ನೆನಪಿಸಬೇಕಾಗಿಲ್ಲ. ಪುರಾಣವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಡ. ಹಸು ಮತ್ತು ಗೊಲ್ಲ, ಎರಡು ವಂಶಗಳೂ ಒಂದೇ ವಿಧಿಗೆ ಒಳಪಟ್ಟಿವೆಯೆಂಬುದನ್ನು ಇಲ್ಲಿಯೇ ಗುರುತಿಸಿಟ್ಟುಕೊಳ್ಳೋಣ; ಮುಂದಿನ ಮಾತಿಗೆ ಅದು ಬೇಕು.

ಕಾವಲಿನಲ್ಲಿ ನಿಂತು ಓದಿದಾಗ

‘ಕಾವಲ್’ ಎಂದರೆ ಮೈಸೂರು ಸಂಸ್ಥಾನದ ಕಾಲದಿಂದ ದನಗಳ ಮೇವಿಗೆಂದು ಕಾಯ್ದಿರಿಸಿದ ಹುಲ್ಲುಗಾವಲು. ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. 1799ರ ಬಳಿಕ ಅದು ಆಂಗ್ಲರ ಕೈಸೇರಿತು. ಸೈನ್ಯದ ಸಾಮಾನುಗಳನ್ನು ಬಂಡಿಯಲ್ಲಿ ಎಳೆಯುವ ಗಟ್ಟಿ ಎತ್ತುಗಳಿಗಾಗಿ ಸಂಸ್ಥಾನದ ನಾನಾ ಕಡೆಗಳ ಹುಲ್ಲುಗಾವಲುಗಳನ್ನು ಕಾಪಾಡಲಾಗುತ್ತಿತ್ತು. ಅಂದರೆ ಈ ನೆಲದ ಹಸುವಿಗೆ ಮೊದಲಿನಿಂದಲೂ ಅರಸೊತ್ತಿಗೆಯ ನಂಟಿದೆ, ಯುದ್ಧದ ನಂಟೂ ಇದೆ. ಆದರೂ ಅದೇ ಹುಲ್ಲು ಸುತ್ತಲಿನ ಹಳ್ಳಿಗಳ ಕುರಿ, ಮೇಕೆ, ದನಗಳನ್ನೂ ಸಾಕಿತು. ಕೃಷ್ಣಮೃಗಕ್ಕೂ ತೋಳಕ್ಕೂ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೂ ಮನೆಯಾಯಿತು.

ಚಳ್ಳಕೆರೆ ಮತ್ತು ಮೊಳಕಾಲ್ಮೂರು ಪಶುಪಾಲಕರ ನಾಡು. ಕಾಡುಗೊಲ್ಲರ ಹಟ್ಟಿಗಳು ಇಲ್ಲಿವೆ. ಜುಂಜಪ್ಪ, ಎತ್ತಪ್ಪರೆಂಬ ದನಗಾಹಿ ವೀರರ ಕಾವ್ಯಗಳನ್ನು ಈ ಜನ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದಿದ್ದಾರೆ. ಮ್ಯಾಸನಾಯಕರು ದೇವರ ಎತ್ತುಗಳನ್ನು ಸಾಕುತ್ತಾರೆ. ಆ ಎತ್ತುಗಳನ್ನು ದುಡಿಮೆಗೆ ಹೂಡುವುದಿಲ್ಲ. ಅವನ್ನು ಕಾಯುವವನಿಗೆ ಕಿಲಾರಿಯೆಂದು ಹೆಸರು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಕಿಲಾರಿಯ ನಿತ್ಯದ ಚಿಂತೆಯೆಲ್ಲ ಮೇವು ಮತ್ತು ನೀರು. ‘ಗೋವಿನ ಹಾಡಿ’ನ ಕಾಳಿಂಗನ ವಂಶವನ್ನು ಹುಡುಕುವವನು ಇಲ್ಲಿಗೇ ಬರಬೇಕು.

ಈ ನೆಲಕ್ಕೆ ಇನ್ನೊಂದು ಹಿರಿಮೆಯೂ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, ಬಿ. ಎಲ್. ರೈಸ್ ಅವನ್ನು 1892ರಲ್ಲಿ ಬೆಳಕಿಗೆ ತಂದರು. ತಂದೆತಾಯಿಗಳಿಗೆ ವಿಧೇಯರಾಗಿರಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂಬ ಉಪದೇಶ ಬ್ರಹ್ಮಗಿರಿಯ ಬಂಡೆಯ ಮೇಲಿದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅರಸನೊಬ್ಬ ಕಲ್ಲಿನಲ್ಲಿ ಬರೆಸಿದ ಮಾತುಗಳಿವು. ಜನಮನಸ್ಸಿನಲ್ಲಿ ಇದೇ ಮಾತುಗಳನ್ನು ಜೀವಂತವಾಗಿ ಇಟ್ಟದ್ದು ಆ ಬಂಡೆಯಲ್ಲ. ಹೆಸರಿಲ್ಲದವನು ಕಟ್ಟಿದ ಹಸುವಿನ ಕಥೆ. ವಿಧಿಯಾಗಿ ಹೇಳಿದ್ದಕ್ಕಿಂತ ಕಥೆಯಾಗಿ ಹೇಳಿದ್ದು ಆಳಕ್ಕಿಳಿಯುತ್ತದೆಂಬುದಕ್ಕೆ ಈ ಎರಡು ತಾಲ್ಲೂಕುಗಳೇ ಸಾಕ್ಷಿ. ಪ್ರಸಂಗಿಗಳು ಇದನ್ನು ಮರೆಯಬಾರದು.

ಈ ಶತಮಾನದಲ್ಲಿ ಕಾವಲುಗಳ ಪಾಡು ಬದಲಾಯಿತು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಶಿಕ್ಷಣದ ಸಂಸ್ಥೆಗಳಿಗೆ ಹಂಚಲಾಯಿತು. ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ ಸಂದಿತು. ನೆಲಕ್ಕೆ ಗೋಡೆಗಳು ಬಂದವು. ಗ್ರಾಮಸ್ಥರು ಪ್ರತಿಭಟಿಸಿದರು, 2013ರಲ್ಲಿ ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದಿತ್ತು. 2017ರಲ್ಲಿ ವರವು ಕಾವಲಿನಲ್ಲಿ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು. ದೇಶಕ್ಕೆ ವಿಜ್ಞಾನ ಬೇಡವೆನ್ನುವುದು ಈ ಲೇಖನದ ಉದ್ದೇಶವಲ್ಲ. ಯಾರನ್ನೂ ನಾಬೋತನ ದ್ರಾಕ್ಷೆಯ ತೋಟವನ್ನು ಬಯಸಿದ ಆಹಾಬನಿಗೆ ಹೋಲಿಸುವ ಆತುರವೂ ಇಲ್ಲ. ವಿಮರ್ಶಕನು ಕೇಳಬೇಕಾದ ಪ್ರಶ್ನೆ ಬೇರೆ: ಇಂಥ ನೆಲದಲ್ಲಿ ನಿಂತು ಹಾಡನ್ನು ಓದಿದಾಗ ಏನು ಕಾಣುತ್ತದೆ?

ಕಾಣುವುದು ಹಾಡಿನ ಒಂದು ಮೌನ. ಹಾಡಿನಲ್ಲಿ ಹುಲ್ಲಿನ ಚಿಂತೆ ಇಲ್ಲ. ಹಸುಗಳು ಮೇಯಲು ಹೋಗುತ್ತವೆ, ಬರುತ್ತವೆ. ಮೇವು ಇದ್ದೇ ಇದೆಯೆಂದು ಹಾಡು ನಂಬಿದೆ. ಅದನ್ನು ಕಟ್ಟಿದವನ ಲೋಕದಲ್ಲಿ ಆ ನಂಬಿಕೆಗೆ ಆಧಾರವಿತ್ತು. ಉಳ್ಳಾರ್ತಿಯಲ್ಲಿ ಇಂದು ಹುಲಿಯಿಲ್ಲ. ಹಸುವಿಗೆ ಎದುರಾಗುವ ಗಂಡಾಂತರ ಹಸಿದ ಮೃಗದ ರೂಪದಲ್ಲಿ ಬರುವುದಿಲ್ಲ. ಅದಕ್ಕೆ ಮುಖವಿಲ್ಲ, ಅದರ ಮುಂದೆ ಆಣೆಯಿಡಲಾಗದು, ಅದರ ಕಣ್ಣಲ್ಲಿ ನೀರು ತರಿಸಲಾಗದು. ಹಾಡು ಕಲಿಸುವ ಸತ್ಯವು ಮುಖಾಮುಖಿಯ ಸತ್ಯ. ಕಡತದ ಆದೇಶದ ಮುಂದೆ ನಿಂತ ಕಿಲಾರಿಗೆ ಆ ಸತ್ಯ ಯಾವ ರೀತಿಯಲ್ಲಿ ಒದಗೀತೆಂಬುದಕ್ಕೆ ಹಾಡಿನಲ್ಲಿ ಉತ್ತರವಿಲ್ಲ.

ಪುರಾಣ ಸೆರೆಯಾಗುವ ಬಗೆ

ಬಾರ್ತ್ ಅವರ ಎಚ್ಚರಿಕೆ ಇಲ್ಲಿ ನೆರವಿಗೆ ಬರುತ್ತದೆ. ಪುಣ್ಯಕೋಟಿಯ ಹೆಸರಿನ ಯೋಜನೆಯಲ್ಲಿ ಒಂದು ದನದ ಒಂದು ವರ್ಷದ ಪಾಲನೆಗೆ 11,000 ರೂಪಾಯಿಯನ್ನು ಗೊತ್ತುಪಡಿಸಲಾಗಿತ್ತು. ದಯೆಯ ಕೆಲಸವೆಂದು ಅದನ್ನು ಮೆಚ್ಚಬಹುದು. ಆದರೆ ಕಾವಲಿನಲ್ಲಿ ನಿಂತವನಿಗೆ ಇನ್ನೊಂದೂ ಕಾಣುತ್ತದೆ. ಹಸುವಿಗೆ ಹುಲ್ಲು ಪುಕ್ಕಟೆಯಾಗಿ ದೊರಕುತ್ತಿದ್ದ ನೆಲ ಕುಗ್ಗುತ್ತ ಬಂದಿದೆ, ಹಸುವನ್ನು ಪೂಜಿಸುವ ಮಾತು ಹಿಗ್ಗುತ್ತ ಬಂದಿದೆ. ಪುಣ್ಯಕೋಟಿಯನ್ನು ಗೊಲ್ಲನಿಂದಲೂ ಹುಲ್ಲಿನಿಂದಲೂ ಬಿಡಿಸಿ ತೆಗೆದು ಒಂಟಿ ಚಿತ್ರವಾಗಿ ಗೋಡೆಗೆ ತೂಗುಹಾಕಿದಂತಾಗಿದೆ. ಹಾಡಿನ ಕೊನೆಯ ವಿಧಿಯಲ್ಲಿ ಹಸುವಿನ ವಂಶ ಮತ್ತು ಗೊಲ್ಲನ ವಂಶ ಜೊತೆಯಾಗಿದ್ದವು. ಒಂದನ್ನು ಮಾತ್ರ ಉಳಿಸಿಕೊಂಡವರು ಹಾಡಿನ ಅರ್ಧವನ್ನೇ ಉಳಿಸಿಕೊಂಡಿದ್ದಾರೆ.

ಭೈರಪ್ಪನವರ ಕಾದಂಬರಿ ಹೆಚ್ಚು ಗಂಭೀರವಾದ ಬಳಕೆ. ಅಮೆರಿಕದಲ್ಲಿ ಓದಿ ಬಂದ ಕಾಳಿಂಗ, ಅವನ ಹೆಂಡತಿ ಹಿಲ್ಡಾ, ಪುಣ್ಯಕೋಟಿಯ ಪೀಳಿಗೆಯ ಹಸುಗಳು. ಇವುಗಳ ನಡುವಿನ ಘರ್ಷಣೆಯಲ್ಲಿ ಲೇಖಕರು ಹಳೆಯ ಹಾಡನ್ನು ಹೊಸ ಕಾಲದ ಅಳತೆಗೋಲಾಗಿ ಬಳಸಿದ್ದಾರೆ. ಪುರಾಣಕ್ಕೆ ಇನ್ನೂ ಪ್ರಶ್ನೆ ಕೇಳುವ ಬಲವಿದೆಯೆಂದು ತೋರಿಸಿದ್ದು ಆ ಕಾದಂಬರಿಯ ಸಾಧನೆ. ಹಸುವಿನ ಅರ್ಥವನ್ನು ಅರಿಯದವಳ ಪಾತ್ರ ಪರದೇಶದ ಹೆಂಗಸಿಗೆ ಬಂದುದನ್ನು ಮಾತ್ರ ಕ್ರೈಸ್ತ ಓದುಗರು ಲಘುವಾಗಿ ದಾಟಲಾರರು. ಪುರಾಣವು ಒಂದು ಸಮುದಾಯವನ್ನು ಒಟ್ಟುಗೂಡಿಸುವಾಗಲೇ ಯಾರನ್ನೋ ಹೊರಗೆ ನಿಲ್ಲಿಸುತ್ತದೆ. ಆದರೆ ‘ಗೋವಿನ ಹಾಡಿ’ನಲ್ಲಿ ಪರದೇಶಿಯಿಲ್ಲ, ಶತ್ರುವಾಗಿ ಬಂದ ಹುಲಿಯೂ ಕೊನೆಗೆ ಒಡಹುಟ್ಟಿನ ಮಾತನ್ನೇ ಆಡುತ್ತದೆ. ಹೊರಗಿನವರನ್ನು ದೂರಲು ಈ ಹಾಡನ್ನು ಬಳಸುವವರಿಗೆ ಹಾಡೇ ಒಪ್ಪಿಗೆ ಕೊಡುವುದಿಲ್ಲವೆಂಬುದನ್ನು ನಾವು ಮೂಲವನ್ನು ಓದಿಯೇ ತೋರಿಸಬಹುದು.

ಪುರಾಣವನ್ನು ಸೆರೆಹಿಡಿಯುವ ತಪ್ಪು ನಮ್ಮಿಂದಲೂ ನಡೆದಿದೆ. ಪುಣ್ಯಕೋಟಿಯೇ ಕ್ರಿಸ್ತನೆಂದು ಒಂದೇ ಉಸಿರಿನಲ್ಲಿ ಹೇಳಿಬಿಡುವುದು ಕೂಡ ಒಂದು ಸೆರೆಯೇ. ಸಂಕ್ರಾಂತಿಯನ್ನೂ ಕೃಷ್ಣನನ್ನೂ ಕತ್ತರಿಸಿ ತೆಗೆದು ಹಸುವನ್ನು ಮಾತ್ರ ನಮ್ಮ ದೊಡ್ಡಿಗೆ ಹೊಡೆದುಕೊಂಡು ಬಂದಂತೆ ಅದು. ನೆರೆಯವನ ಕುರಿಮರಿಯನ್ನು ಕಿತ್ತುಕೊಂಡ ಐಶ್ವರ್ಯವಂತನ ಕಥೆಯನ್ನು ನಾತಾನನು ದಾವೀದನಿಗೆ ಹೇಳಿದ್ದು ಎರಡನೆಯ ಸಮುವೇಲನ ಹನ್ನೆರಡನೆಯ ಅಧ್ಯಾಯದಲ್ಲಿದೆ. ಇತರರ ಕಥೆಗಳನ್ನು ಬಳಸುವ ಬೋಧಕನು ಆ ಅಧ್ಯಾಯವನ್ನು ತನಗಾಗಿಯೂ ಓದಿಕೊಳ್ಳುವುದು ಒಳ್ಳೆಯದು.

ಹುಲಿಯ ಪ್ರಶ್ನೆ

ಹಾಗಾದರೆ ಕ್ರೈಸ್ತ ದೇವಜ್ಞಾನವು ಈ ಹಾಡಿನೊಂದಿಗೆ ನಡೆಸಬಹುದಾದ ಪ್ರಾಮಾಣಿಕ ಸಂವಾದ ಯಾವುದು? ನನ್ನ ಅಭಿಪ್ರಾಯದಲ್ಲಿ ಅದು ಹಸುವಿನಿಂದಲ್ಲ, ಹುಲಿಯಿಂದ ಆರಂಭವಾಗಬೇಕು. ಹುಲಿ ಏಕೆ ಸಾಯಬೇಕಾಯಿತೆಂದು ಕೇಳದ ಮಗುವಿಲ್ಲ. ದೊಡ್ಡವರು ಅದಕ್ಕೆ ಉತ್ತರ ಕೊಡದೆ ಮುಂದೆ ಸಾಗುತ್ತಾರೆ.

ಅರ್ಭುತನಿಗೆ ತನ್ನ ತಪ್ಪು ತಿಳಿಯಿತು; ಕಣ್ಣೀರು ಬಂತು; ಎದುರಿನವಳು ತಂಗಿಯೆಂದು ಮನವರಿಕೆಯಾಯಿತು. ಪಶ್ಚಾತ್ತಾಪದ ಎಲ್ಲ ಗುರುತುಗಳೂ ಅಲ್ಲಿವೆ. ಆದರೆ ಪಶ್ಚಾತ್ತಾಪಪಟ್ಟವನು ಮುಂದೆ ಬದುಕುವ ದಾರಿ ಹಾಡಿನಲ್ಲಿಲ್ಲ. ಹುಲಿ ಹುಲಿಯಾಗಿರುವವರೆಗೆ ಹಸಿಯಲೇಬೇಕು. ಹಸಿದರೆ ತಂಗಿಯರನ್ನೇ ತಿನ್ನಬೇಕು. ಈ ಬಿಕ್ಕಟ್ಟಿನಿಂದ ಪಾರಾಗಲು ಅದು ಸಾವನ್ನು ಆರಿಸಿಕೊಳ್ಳುತ್ತದೆ. ಪದ್ಮಪುರಾಣದ ಪ್ರಭಂಜನನಿಗೆ ಮನುಷ್ಯರೂಪ ಮರಳಿ ದೊರಕಿತು. ಕನ್ನಡದ ಹುಲಿಗೆ ಅದೂ ಇಲ್ಲ. ಸುವಾರ್ತೆಗಳಲ್ಲಿ ತಮ್ಮ ತಪ್ಪನ್ನು ಅರಿತು ಕುಸಿದ ಇಬ್ಬರನ್ನು ಕಾಣುತ್ತೇವೆ. ಯೂದನು ನಿರಪರಾಧಿಯ ರಕ್ತಕ್ಕೆ ದ್ರೋಹಮಾಡಿದೆನೆಂದು ಒಪ್ಪಿಕೊಂಡು ಹೋಗಿ ಪ್ರಾಣ ಕಳೆದುಕೊಂಡನು. ಪೇತ್ರನು ಬಹಳವಾಗಿ ಅತ್ತನು; ಆದರೆ ಸಮುದ್ರತೀರದ ಬೆಳಗಿನ ಊಟದ ಬಳಿಯಲ್ಲಿ ಕರ್ತನು ಅವನನ್ನು ಮೂರು ಸಾರಿ ಪ್ರಶ್ನಿಸಿ ಕೆಲಸವನ್ನೂ ಒಪ್ಪಿಸಿದನು. ಅರ್ಭುತನು ಪೇತ್ರನಂತೆ ಅತ್ತು ಯೂದನಂತೆ ಸತ್ತನು. ಸತ್ಯವು ಅವನನ್ನು ತಿದ್ದಿತು. ಆದರೆ ತಿದ್ದಿಕೊಂಡವನನ್ನು ಊಟಕ್ಕೆ ಕರೆಯುವವರು ಯಾರೂ ಇರಲಿಲ್ಲ.

ಇದನ್ನು ಹಾಡಿನ ದೋಷವೆಂದು ನಾನು ಹೇಳುತ್ತಿಲ್ಲ. ಹುಲಿಯ ಹಸಿವಿಗೆ ಸುಲಭ ಪರಿಹಾರ ಕೊಡದೆ ಹಾಡುಗಾರನು ತೋರಿದ ಪ್ರಾಮಾಣಿಕತೆ ದೊಡ್ಡದು. ಸುವಾರ್ತೆಯೊಂದಿಗೆ ಈ ಹಾಡು ಅತ್ಯಂತ ಹತ್ತಿರ ಬರುವ ಸ್ಥಳ ಇದು, ಬೇರೆಯಾಗುವ ಸ್ಥಳವೂ ಇದೇ. ಹಸುವಿನಲ್ಲಿ ಕ್ರಿಸ್ತನನ್ನು ಕಾಣುವ ಅವಸರದಲ್ಲಿ ನಾವು ಈ ವ್ಯತ್ಯಾಸವನ್ನು ಮುಚ್ಚಿಬಿಡುತ್ತೇವೆ. ಪುಣ್ಯಕೋಟಿ ಸಾಯಲಿಲ್ಲ, ಅವಳ ಸತ್ಯದ ಮುಂದೆ ಪಾಪಿ ಸತ್ತನು. ಶಿಲುಬೆಯಲ್ಲಿ ನೀತಿವಂತನು ಸತ್ತು ಪಾಪಿ ಬದುಕಿದನು. ಎರಡೂ ಕಥೆಗಳನ್ನು ಪ್ರೀತಿಸಬಹುದು, ಒಂದೆನ್ನುವಂತಿಲ್ಲ.

ಕನ್ನಡದ ಕವಿಗಳೇ ಈ ಬಗೆಯ ಪ್ರಶ್ನೆಯನ್ನು ಎತ್ತಿಕೊಂಡಿದ್ದಾರೆ. ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದಲ್ಲಿ ಕುವೆಂಪು ರಾವಣನನ್ನು ಕೊಲ್ಲಿಸಿ ಮುಗಿಸಲಿಲ್ಲ. ಅವನ ಅಂತರಂಗದ ಪರಿವರ್ತನೆಗೆ, ಸೀತೆಯ ಮಗುವಾಗಿ ಹುಟ್ಟುವ ಹಂಬಲಕ್ಕೆ ಎಡೆಮಾಡಿಕೊಟ್ಟರು. ಅಗ್ನಿಪರೀಕ್ಷೆಯಲ್ಲಿ ರಾಮನೂ ಬೆಂಕಿಗಿಳಿಯುವಂತೆ ಮಾಡಿದರು. ಹಳೆಯ ಕಾವ್ಯವು ಜೀವಂತ ಪುರಾಣವಾಗಿ ಉಳಿಯುವುದು ಹೀಗೆ: ಮುಚ್ಚಿದ್ದ ಬಾಗಿಲೊಂದನ್ನು ಮುಂದಿನ ಕವಿ ತೆರೆಯುತ್ತಾನೆ. ಅರ್ಭುತನಿಗಾಗಿ ಆ ಬಾಗಿಲನ್ನು ತೆರೆಯುವ ಕವಿ ಇನ್ನೂ ಬರಬೇಕಾಗಿದೆ. ಅವನು ನಮ್ಮ ಸಭೆಗಳಿಂದ ಬಂದರೂ ಆಶ್ಚರ್ಯವಿಲ್ಲ.

ಒಂದು ಆಕ್ಷೇಪ

ಸತ್ಯವೇದದಲ್ಲಿ ಕಥೆಗಳಿಗೇನು ಬರವೇ, ಪ್ರಸಂಗಕ್ಕೆ ಹಸುವಿನ ಹಾಡು ಏಕೆ, ಇದರಿಂದ ಪ್ರಕಟನೆಯ ಅನನ್ಯತೆ ಮಸಕಾಗದೇ ಎಂದು ಕೇಳುವ ಹಿರಿಯರಿದ್ದಾರೆ. ಅವರ ಭಯ ನಿರಾಧಾರವಲ್ಲ. ಪುರಾಣವು ಪೀಠವನ್ನೇರಿದರೆ ಸುವಾರ್ತೆ ಅದರ ಉಪಕಥೆಯಾದೀತು. ಆದರೂ ಎರಡು ಸಂಗತಿಗಳನ್ನು ಅವರ ಮುಂದಿಡಬೇಕು. ಮೊದಲನೆಯದು, ನಮ್ಮ ಸಭಿಕರ ಮನಸ್ಸಿನಲ್ಲಿ ಈ ಹಾಡು ಆಗಲೇ ನೆಲಸಿದೆ; ನಾವು ಅದನ್ನು ಕುರಿತು ಆಡದಿದ್ದರೆ ಬೇರೆಯವರು ಆಡುತ್ತಾರೆ. ಎರಡನೆಯದು, ಈ ಸೌಜನ್ಯದ ಋಣ ನಮ್ಮ ಮೇಲೆ ಹಳೆಯದು. 1862ರಲ್ಲಿ ಫೆರ್ಡಿನೆಂಡ್ ಕಿಟ್ಟೆಲರು ಕ್ರಿಸ್ತನ ಚರಿತೆಯನ್ನು ‘ಕಥಾಮಾಲೆ’ಯಾಗಿ ನಮ್ಮ ಛಂದಸ್ಸಿನಲ್ಲಿ ಹೇಳಿದರು. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲದಿದ್ದರೂ ಶಿಲುಬೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯದಲ್ಲಿ ತುಂಬು ಗೌರವದಿಂದ ಹಾಡಿದರು. ಅವರು ಕ್ರಿಸ್ತನನ್ನು ಬೇರೊಬ್ಬ ದೇವರ ಛಾಯೆಯೆಂದು ತೋರಿಸಿ ಮುಗಿಸಲಿಲ್ಲ; ಬುದ್ಧನ ಕೊನೆಯ ದಿನಕ್ಕೆ ‘ವೈಶಾಖಿ’ಯೆಂಬ ಬೇರೊಂದು ಕಾವ್ಯವನ್ನೇ ಮೀಸಲಿಟ್ಟರು. ನೆರೆಯವರ ಕಥೆಯನ್ನು ಅವರದ್ದಾಗಿಯೇ ಕೇಳಿಸಿಕೊಳ್ಳುವುದೆಂದರೆ ಇದು. ಪುಣ್ಯಕೋಟಿಯ ವಿಷಯದಲ್ಲಿ ನಮ್ಮಿಂದಲೂ ಅಷ್ಟು ಸಲ್ಲಬೇಕು.

ಸಮಾರೋಪ

ಚಿತ್ರದುರ್ಗ ಸೀಮೆಯಲ್ಲಿ ಸೇವೆಗೆ ಹೋಗುವ ಕಿರಿಯ ಸೋದರ ಸೋದರಿಯರಿಗೆ ನನ್ನ ವಿನಂತಿ ಇಷ್ಟೇ. ‘ಗೋವಿನ ಹಾಡ’ನ್ನು ಹೇಳುವುದಾದರೆ ಸಂಕ್ರಾಂತಿಯ ಕೊನೆಯವರೆಗೂ ಪೂರ್ತಿಯಾಗಿ ಹೇಳಿರಿ. ಕರುವನ್ನು ಇತರ ಹಸುಗಳಿಗೆ ಒಪ್ಪಿಸುವ ಭಾಗವನ್ನು ಓದುವಾಗ, ನಿಮ್ಮ ಸಭೆಯಲ್ಲಿರುವ ತಬ್ಬಲಿಗಳನ್ನು ಹಾಯುವವರೂ ಒದೆಯುವವರೂ ಯಾರೆಂದು ಕೇಳಿರಿ. ಹುಲಿಯ ಬಳಿಗೆ ಬಂದಾಗ ಅವಸರಪಡದಿರಿ. ಪಶ್ಚಾತ್ತಾಪಪಟ್ಟವನಿಗೆ ನಮ್ಮಲ್ಲಿ ಊಟದ ಸ್ಥಳವಿದೆಯೇ ಎಂದು ಮೊದಲು ನಮ್ಮನ್ನೇ ಕೇಳಿಕೊಳ್ಳೋಣ. ಅನಂತರ ಯೆಶಾಯನ ಹನ್ನೊಂದನೆಯ ಅಧ್ಯಾಯವನ್ನು ತೆರೆಯಿರಿ. ಆ ಪ್ರವಾದಿಯ ದರ್ಶನದಲ್ಲಿ ಹಸುವೂ ಕರಡಿಯೂ ಜೊತೆಯಾಗಿ ಮೇಯುತ್ತವೆ. ಸಿಂಹವು ಎತ್ತಿನ ಹಾಗೆ ಹುಲ್ಲನ್ನು ತಿನ್ನುತ್ತದೆ. ಅರ್ಭುತನ ಬಿಕ್ಕಟ್ಟಿಗೆ ಸತ್ಯವೇದದಲ್ಲಿರುವ ಉತ್ತರ ಇದು: ಕೊಲ್ಲುವ ಮೃಗ ಸಾಯಬೇಕಾಗಿಲ್ಲ, ಅದಕ್ಕೆ ಬೇರೆ ಆಹಾರ ದೊರಕುತ್ತದೆ.

ಆ ಆಹಾರ ಹುಲ್ಲು. ದೇವರ ರಾಜ್ಯದ ಸಮಾಧಾನವನ್ನು ಪ್ರವಾದಿ ಕಂಡದ್ದು ಒಂದು ಹುಲ್ಲುಗಾವಲಾಗಿ. ಆದ್ದರಿಂದ ಉಳ್ಳಾರ್ತಿಯ ಕಾವಲಿನಲ್ಲಿ ಉಳಿದಿರುವ ಹುಲ್ಲು, ಅದನ್ನು ನಂಬಿಕೊಂಡ ಕಿಲಾರಿ ಮತ್ತು ಗೊಲ್ಲರ ಬದುಕು, ದೇವಜ್ಞಾನದ ಹೊರಗಿನ ವಿಷಯಗಳಲ್ಲ. ಹಸುವಿನ ಸತ್ಯವನ್ನು ಹಾಡುವ ನಾಡಿನಲ್ಲಿ ಹಸುವಿಗೂ ಅದನ್ನು ಕಾಯುವವನಿಗೂ ನಾವು ಕೊಟ್ಟ ಮಾತು ಉಳಿದಿದೆಯೇ ಎಂದು ಕೇಳುವ ಕೆಲಸ ಸಭೆಯದೂ ಆಗಿದೆ.